ಮೆರಿಯನ್, ಡುಷೆನ್ ಮತ್ತು ಮಾಂಸತಂತುವಿನ ಪೊರೆ

ಪ್ರಾಯಶಃ ಬಾಲಕರಲ್ಲಿ ಮಾತ್ರ ಕಾಣಿಸಿಕೊಂಡು, ಮೂರು ನಾಲ್ಕು ವರ್ಷದ ವಯಸ್ಸಿನಲ್ಲಿ ನಡಿಗೆಯನ್ನು ತೊಡರಿಸಿ, ಹನ್ನೆರಡರ ಸುಮಾರಿಗೆ ಕಾಲುಗಳ ಬಲವನ್ನು ಪೂರ್ತಿಯಾಗಿ ಅಪಹರಿಸಿ, ಕಡೆಗೆ ಹೃದಯದ ಮತ್ತು ಉಸಿರಾಟದ ಪೇಶಿಗಳನ್ನೂ ಮುಟ್ಟತಕ್ಕ ಮಾಂಸಕ್ಷಯರೋಗವೊಂದುಂಟು. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬನಂತೆ ಇದು ತಗಲುವುದೆಂದು ಎಣಿಕೆ. ವೈದ್ಯಗ್ರಂಥಗಳಲ್ಲಿ ಇದಕ್ಕೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂದು ಹೆಸರು. ಹೆಸರಿನಲ್ಲಿರುವ ಡುಷೆನ್ ಎಂಬಾತನು ಫ್ರಾನ್ಸ್ ದೇಶದವನು. ಆದರೆ ಆತನ ಬರೆಹಕ್ಕಿಂತ ಸುಮಾರು ಹತ್ತು ವರ್ಷ ಮುಂಚೆಯೇ ಲಂಡನ್ ನಗರದ ಎಡ್ವರ್ಡ್ ಮೆರಿಯನ್ ಎಂಬ ವೈದ್ಯನು ಇದೇ ರೋಗವನ್ನು ವಿಸ್ತಾರವಾಗಿ ವರ್ಣಿಸಿದ್ದನೆಂಬುದು ಈಗ ನಿರ್ವಿವಾದವಾಗಿದೆ. 1995ರಲ್ಲಿ ಅಲನ್ ಎಮರಿ, ಮಾರ್ಸಿಯ ಎಮರಿ ಇವರಿಬ್ಬರೂ ಕೂಡಿ ಪ್ರಕಟಿಸಿದ ಚರಿತ್ರೆಯ ಹೆಸರಿನಲ್ಲಿಯೇ ಇದು ಡುಷೆನ್ನನ ರೋಗವೋ ಮೆರಿಯನ್ನನ ರೋಗವೋ ಎಂಬ ಪ್ರಶ್ನೆಯುಂಟು.

ಮೆರಿಯನ್ನನ ಪಕ್ಷದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುತ್ತಾರೆ. ಮೊದಲನೆಯದು, ಈ ರೋಗವನ್ನು ಮೊದಲು ಸರಿಯಾಗಿ ಗುರುತಿಸಿದವನು ಅವನೇ ಎಂಬುದು. ಎರಡನೆಯದು, ಮಾಂಸತಂತುವಿನ ಹೊರಪೊರೆಯು ಒಡೆಯುವುದೇ ಈ ರೋಗದ ಮರ್ಮವೆಂದು 1987-88ರಲ್ಲಿ ಅಣುಶಾಸ್ತ್ರಜ್ಞರು ಕಂಡುದನ್ನು ಅವನು 1851ರಲ್ಲಿಯೇ ಕಂಡಿದ್ದನೆಂಬುದು. ಇವೆರಡೂ ಒಂದೇ ಉಸಿರಿನಲ್ಲಿ ಹೇಳಲ್ಪಡುತ್ತಿರುವುದರಿಂದ ಒಂದರ ಬಲವು ಇನ್ನೊಂದಕ್ಕೆ ಬಂದಂತಾಗಿದೆ. ಆದರೆ ಪರಿಶೀಲಿಸಿದರೆ ಮೊದಲನೆಯದು ದೃಢವಾಗಿ ನಿಲ್ಲುತ್ತದೆ. ಎರಡನೆಯದು ಒಂದು ಶಬ್ದದ ಮೇಲೆ ನಿಂತಿದೆ.

ಶಬ್ದದ ಮಾತು ಬಂದುದರಿಂದ ಮೊದಲು ನಮ್ಮ ಕಡೆಯ ಶಬ್ದವೊಂದನ್ನು ನೋಡಿಕೊಳ್ಳುವುದು ಯುಕ್ತ. ಈಗಿನ ಕನ್ನಡ ಪಾಠಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮಾಂಸದ ಕಟ್ಟುಗಳಿಗೆ ‘ಸ್ನಾಯು’ ಎಂಬ ಪದವು ರೂಢಿಯಾಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿಗಳು 500, ಸ್ನಾಯುಗಳು 900 ಎಂದು ಬೇರೆಬೇರೆಯಾಗಿ ಎಣಿಸಿದೆ. ದೋಣಿಯ ಹಲಗೆಗಳನ್ನು ಹಗ್ಗಗಳು ಬಿಗಿದಿರುವಂತೆ ಸಂಧಿಗಳನ್ನು ಬಿಗಿದಿರುವವು ಸ್ನಾಯುಗಳು. ಮಾಂಸದ ಪಿಂಡಗಳು ಪೇಶಿಗಳು. ಹಾಗಿರಲು ಸುಶ್ರುತನ ಸ್ನಾಯುವನ್ನು ಓದಿ ಇಂದಿನ ಸ್ನಾಯುವನ್ನು ಭಾವಿಸಿಕೊಂಡವನು ಶ್ಲೋಕವನ್ನು ಸರಿಯಾಗಿಯೇ ಓದಿ ಅರ್ಥವನ್ನು ಮಾತ್ರ ತಪ್ಪುವನು. ಈ ಲೇಖನದಲ್ಲಿ ‘ಪೇಶಿ’ ಎಂಬ ಹಳೆಯ ಪದವನ್ನೇ ಹಿಡಿದಿದೆ. ಇನ್ನು, ರಸರಕ್ತಾದಿ ಧಾತುಗಳ ಕ್ರಮದಲ್ಲಿ ಮಾಂಸದಿಂದ ಮೇದಸ್ಸು ಎಂದು ಹೇಳಿರುವುದನ್ನೂ, ಈ ರೋಗದಲ್ಲಿ ಮಾಂಸವು ಕರಗಿ ಆ ಎಡೆಯಲ್ಲಿ ಕೊಬ್ಬು ತುಂಬುವುದನ್ನೂ ಜೋಡಿಸಿ ನಮ್ಮ ಪೂರ್ವಿಕರಿಗೆ ಇದೆಲ್ಲ ತಿಳಿದಿತ್ತೆಂದು ಸಾಧಿಸುವವರೂ ಉಂಟಾಗಬಹುದು. ಅದು ಸಲ್ಲದು. ಅಲ್ಲಿ ಹೇಳಿರುವುದು ಆರೋಗ್ಯವಂತನ ಆಹಾರಪರಿಣಾಮದ ಕ್ರಮ, ಇಲ್ಲಿರುವುದು ವ್ಯಾಧಿ.

ಪ್ರಸ್ತುತಕ್ಕೆ ಬರೋಣ. ಮೆರಿಯನ್ನನಿಗಿಂತ ಹಿಂದೆಯೂ ಈ ರೋಗವುಳ್ಳವರನ್ನು ಕಂಡ ವೈದ್ಯರಿಲ್ಲದಿರಲಿಲ್ಲ. 1830ರಲ್ಲಿ ಚಾರಲ್ಸ್ ಬೆಲ್ ಎಂಬಾತನು ನರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇಂಥ ಒಬ್ಬ ರೋಗಿಯನ್ನು ಹೆಸರಿಸಿದ್ದಾನೆ. 1836ರಲ್ಲಿ ನೇಪಲ್ಸ್ ಪಟ್ಟಣದ ವೈದ್ಯರು ಇಬ್ಬರು ಸೋದರರ ಸ್ಥಿತಿಯನ್ನು ಬರೆದಿಟ್ಟಿದ್ದಾರೆ. ಆದರೆ ಕಂಡುದು ಬೇರೆ, ಇದೊಂದು ಪ್ರತ್ಯೇಕವಾದ ವ್ಯಾಧಿಯೆಂದು ವಿಂಗಡಿಸುವುದು ಬೇರೆ. ಕೈಕಾಲುಗಳು ಸೊರಗಿದಲ್ಲೆಲ್ಲ ದೋಷವು ಬೆನ್ನುಹುರಿಯಲ್ಲಿಯೋ ನರಗಳಲ್ಲಿಯೋ ಇರಬೇಕೆಂಬುದೇ ಆ ಕಾಲದ ಬಲವಾದ ನಂಬಿಕೆಯಾಗಿತ್ತು.

1851ನೆಯ ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಮೆಡಿಕಲ್ ಅಂಡ್ ಚಿರರ್ಜಿಕಲ್ ಸೊಸೈಟಿಯ ಮುಂದೆ ಮೆರಿಯನ್ನನು ತನ್ನ ಪ್ರಬಂಧವನ್ನು ಓದಿದನು. ಅದು ಮರುವರ್ಷ ಆ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಇಚ್ಛಾವಶವಾದ ಪೇಶಿಗಳು ಕಣಕಣವಾಗಿ ಒಡೆದು ಕೊಬ್ಬಾಗುವುದನ್ನು ಕುರಿತದ್ದೆಂಬ ಅರ್ಥದ ಹೆಸರನ್ನು ಅದಕ್ಕೆ ಕೊಟ್ಟಿದ್ದನು. ಅದರ ಸಾರವನ್ನು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು. ರೋಗವು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಬ್ಬರಾದ ಮೇಲೊಬ್ಬರಿಗೆ ತಗಲುತ್ತಿದ್ದಿತು, ಅಕ್ಕತಂಗಿಯರಿಗೆ ತಗಲುತ್ತಿರಲಿಲ್ಲ. ತೀರಿಕೊಂಡ ಹುಡುಗನ ದೇಹವನ್ನು ಪರೀಕ್ಷಿಸಿದಾಗ ಬೆನ್ನುಹುರಿಯೂ ನರಗಳೂ ಸೂಕ್ಷ್ಮದರ್ಶಕಕ್ಕೂ ನಿರ್ದೋಷವಾಗಿ ಕಂಡವು. ಪೇಶಿಯ ತಂತುಗಳಾದರೋ ತಮ್ಮ ಅಡ್ಡಗೆರೆಗಳನ್ನು ಕಳೆದುಕೊಂಡು ಕಣಗಳೂ ಕೊಬ್ಬಿನ ಬಿಂದುಗಳೂ ಆಗಿ, ಅವುಗಳನ್ನು ಹೊದ್ದಿದ್ದ ಪೊರೆಯು ಒಡೆದು ಚದುರಿಹೋಗಿದ್ದಿತು.

ಇವುಗಳಲ್ಲಿ ಎರಡನೆಯ ಮಾತಿನ ಗೌರವವನ್ನು ಈಗಿನವರು ಸುಲಭವಾಗಿ ಊಹಿಸಲಾರರು. ಏನನ್ನೋ ಕಂಡೆನೆಂದು ಹೇಳುವವರು ಅನೇಕರು. ಎಲ್ಲರೂ ಇದೆಯೆಂದು ನಂಬಿದ್ದೆಡೆಯಲ್ಲಿ ಹುಡುಕಿ, ಅಲ್ಲಿ ಏನೂ ಇಲ್ಲವೆಂದು ಹೇಳುವವರು ವಿರಳ. ಮೆರಿಯನ್ನನು 1864ರಲ್ಲಿ ಪಾರ್ಶ್ವವಾಯುವೇ ಮೊದಲಾದ ರೋಗಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ಈ ವಿಷಯಕ್ಕೆ ಪುನಃ ಬಂದಿದ್ದಾನೆ.

ಡುಷೆನ್ನನದು ಬೇರೆ ಬಗೆಯ ವ್ಯಕ್ತಿತ್ವ. ಬೂಲೋನ್ ಎಂಬ ಕಡಲತೀರದ ಊರಿನಲ್ಲಿ 1806ರಲ್ಲಿ ಹುಟ್ಟಿ, 1842ರಲ್ಲಿ ಪ್ಯಾರಿಸ್ಸಿಗೆ ಬಂದು, ಯಾವ ಆಸ್ಪತ್ರೆಯಲ್ಲಿಯೂ ಸ್ಥಿರವಾದ ಹುದ್ದೆಯಿಲ್ಲದೆ, ವಿದ್ಯುದ್ಯಂತ್ರವನ್ನು ಹಿಡಿದುಕೊಂಡು ವಾರ್ಡಿನಿಂದ ವಾರ್ಡಿಗೆ ತಿರುಗಿ, ಒಂದೊಂದು ಪೇಶಿಯನ್ನೂ ಚರ್ಮದ ಮೇಲಿನಿಂದಲೇ ಮಿಡಿಯಿಸಿ ಅದರ ಕೆಲಸವನ್ನು ತಿಳಿದುಕೊಂಡವನು. ಮುಖದ ಪೇಶಿಗಳನ್ನು ಹೀಗೆ ಕುಣಿಸಿ ತೆಗೆದ ಭಾವಚಿತ್ರಗಳನ್ನು 1862ರಲ್ಲಿ ಪ್ರಕಟಿಸಿದನು. ಡಾರ್ವಿನ್ನನು 1872ರ ತನ್ನ ಭಾವಾಭಿವ್ಯಕ್ತಿಯ ಗ್ರಂಥದಲ್ಲಿ ಅವುಗಳಲ್ಲಿ ಕೆಲವನ್ನು ಬಳಸಿಕೊಂಡನು. ರಸಗಳ ಅನುಭಾವಗಳನ್ನು ಪಾಠಹೇಳುವವರಿಗೆ ಆ ಚಿತ್ರಗಳು ಇಂದಿಗೂ ನೋಡತಕ್ಕವೇ.

ಈ ಮಾಂಸಕ್ಷಯದ ಒಬ್ಬ ಬಾಲಕನನ್ನು ಅವನು 1861ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ವರ್ಣಿಸಿದನು. ಆಗ ಅವನ ಅಭಿಪ್ರಾಯದಲ್ಲಿ ದೋಷವಿದ್ದುದು ಮೆದುಳಿನಲ್ಲಿ. 1868ರ ದೊಡ್ಡ ಪ್ರಬಂಧದಲ್ಲಿ 13 ಮಂದಿ ರೋಗಿಗಳನ್ನು ಮುಂದಿಟ್ಟು, ಮೊದಲಿನ ಮತವನ್ನು ಬಿಟ್ಟು, ದೋಷವು ಪೇಶಿಯಲ್ಲಿಯೇ ಇದೆಯೆಂದು ಒಪ್ಪಿಕೊಂಡನು. ಬದುಕಿರುವ ರೋಗಿಯ ದೇಹದಿಂದಲೇ ಪೇಶಿಯ ತುಣುಕನ್ನು ತೆಗೆಯಬಲ್ಲ ಸೂಜಿಯಂಥ ಉಪಕರಣವನ್ನು ಕಲ್ಪಿಸಿ, ರೋಗವು ಬೆಳೆಯುತ್ತಿರುವಾಗಲೇ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದನು. ಇದು ಮೆರಿಯನ್ನನಿಂದ ಆಗದಿದ್ದ ಕೆಲಸ. ಸತ್ತವನ ಪೇಶಿಯಲ್ಲಿ ಕಾಣುವುದು ರೋಗದ ಕೊನೆಯ ಪುಟ ಮಾತ್ರ. ಡುಷೆನ್ನನು ನಡುವಿನ ಪುಟಗಳನ್ನೂ ತಿರುವಿದನು. ಆದಕಾರಣ ಅವನ ಹೆಸರು ಅನ್ಯಾಯದಿಂದಲೇ ಅಂಟಿಕೊಂಡಿತೆಂದು ಹೇಳಲಾಗದು. ಆದರೆ ಮೆರಿಯನ್ನನ ರೋಗಿಗಳು ಬೇರೊಂದು ಕ್ಷಯರೋಗದವರೆಂದು ಹೇಳಿ ಅವನನ್ನು ಪಕ್ಕಕ್ಕೆ ಸರಿಸಿದುದು ಮಾತ್ರ ನ್ಯಾಯವಾಗಿರಲಿಲ್ಲ.

ಹೆಸರು ಡುಷೆನ್ನನಿಗೆ ಸಂದುದಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ಈ ಹುಡುಗರ ಮೀನಖಂಡಗಳು ಬಲವಿಲ್ಲದಿದ್ದರೂ ದಪ್ಪವಾಗಿ, ಮಲ್ಲನ ಕಾಲಿನಂತೆ ತೋರುತ್ತವೆ. ಡುಷೆನ್ನನು ಆ ಹುಸಿಪುಷ್ಟಿಯನ್ನೇ ರೋಗದ ಹೆಸರಿನಲ್ಲಿಟ್ಟು, ಭಾವಚಿತ್ರಗಳಿಂದ ಅದನ್ನು ಕಣ್ಣಿಗೆ ಕಟ್ಟುವಂತೆ ಮಾಡಿದನು. ಮೆರಿಯನ್ನನು ಕೊಟ್ಟಿದ್ದುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣತಕ್ಕ ಲಕ್ಷಣ. ಚಿಕಿತ್ಸಾಲಯದ ಬಾಗಿಲಲ್ಲಿ ನಿಂತ ವೈದ್ಯನಿಗೆ ಯಾವುದು ನೆನಪಿನಲ್ಲುಳಿಯುವುದೆಂದು ಹೇಳಬೇಕಾಗಿಲ್ಲ.

1879ರಲ್ಲಿ ಲಂಡನ್ನಿನ ಗವರ್ಸ್ ಎಂಬಾತನು ಅಲ್ಲಿಯವರೆಗೆ ವರದಿಯಾಗಿದ್ದ 220 ಮಂದಿಯ ವೃತ್ತಾಂತಗಳನ್ನು ಸಂಗ್ರಹಿಸಿದನು. ನೆಲದಿಂದ ಏಳುವ ಹುಡುಗನು ತನ್ನ ಕೈಗಳಿಂದ ತನ್ನ ಮೊಳಕಾಲು ತೊಡೆಗಳನ್ನೇ ಮೆಟ್ಟಿಲಾಗಿ ಹತ್ತಿ ನಿಲ್ಲುವ ರೀತಿಗೆ ಇಂದಿಗೂ ಅವನ ಹೆಸರಿದೆ. ಒಬ್ಬಳೇ ತಾಯಿಗೆ ಬೇರೆಬೇರೆ ಗಂಡಂದಿರಲ್ಲಿ ಹುಟ್ಟಿದ ಗಂಡುಮಕ್ಕಳಿಗೂ ರೋಗವು ಬಂದುದನ್ನು ಅವನು ಗಮನಿಸಿದನು. ತಾಯಿಯ ಮೂಲಕವೇ ಇದು ಇಳಿದುಬರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಆ ಕಾಲದಲ್ಲಿ ದೊರೆಯುವಂತಿರಲಿಲ್ಲ. 1891ರಲ್ಲಿ ಜರ್ಮನಿಯ ಎರ್ಬ್ ಎಂಬಾತನು ಪೇಶಿಗಳಲ್ಲಿಯೇ ಮೂಲವುಳ್ಳ ಇಂಥ ರೋಗಗಳನ್ನೆಲ್ಲ ಡಿಸ್ಟ್ರೋಫಿ ಎಂಬ ಒಂದೇ ಹೆಸರಿನ ಕೆಳಗೆ ತಂದನು.

ಅನಂತರ ಅರ್ಧಶತಮಾನ ಕಾಲ ಹೆಚ್ಚಿನದೇನೂ ನಡೆಯಲಿಲ್ಲ. 1949ರಿಂದ ಮಾತ್ರ ರಸಾಯನಶಾಸ್ತ್ರದ ಸಾಕ್ಷ್ಯಗಳು ಬರತೊಡಗಿದವು. ಪೇಶಿಯ ಒಳಗಿರಬೇಕಾದ ಆಲ್ಡೋಲೇಸ್ ಎಂಬ ಕಿಣ್ವವು ಈ ರೋಗಿಗಳ ರಕ್ತದಲ್ಲಿ ಹೆಚ್ಚಾಗಿದೆಯೆಂದು ಆ ವರ್ಷ ತಿಳಿಯಿತು. 1959ರಲ್ಲಿ ಜಪಾನಿನ ಎಬಾಶಿ ಮತ್ತು ಸಂಗಡಿಗರು ಕ್ರಿಯೇಟಿನ್ ಕೈನೇಸ್ ಎಂಬ ಮತ್ತೊಂದು ಕಿಣ್ವವು ಇನ್ನೂ ಮಿಗಿಲಾಗಿ ಹೊರಚೆಲ್ಲಿರುವುದನ್ನು ತೋರಿಸಿದರು. ಕೊಡದೊಳಗಿನ ನೀರು ನೆಲದ ಮೇಲಿದ್ದರೆ ಕೊಡದಲ್ಲಿ ಬಿರುಕಿದೆಯೆಂದು ಅನುಮಾನಿಸುವಂತೆ, ಪೊರೆಯಲ್ಲಿಯೇ ದೋಷವಿರಬೇಕೆಂಬ ಅನುಮಾನವು ಹುಟ್ಟಿತು. 1975ರಲ್ಲಿ ಮೊಕ್ರಿ ಮತ್ತು ಎಂಗೆಲ್ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿ, ಇನ್ನೂ ನಾಶವಾಗದಿರುವ ತಂತುಗಳಲ್ಲಿಯೂ ಪೊರೆಯು ಅಲ್ಲಲ್ಲಿ ಹರಿದಿರುವುದನ್ನು ಕಂಡರು. ಅನುಮಾನಕ್ಕೆ ಪ್ರತ್ಯಕ್ಷವು ಒದಗಿತು. ಆದರೆ ಹರಿಯುವುದೇಕೆಂಬುದು ತಿಳಿಯಲಿಲ್ಲ.

ಅದನ್ನು ತಿಳಿಸಿದುದು ವಂಶವಾಹಿಯ ಅನ್ವೇಷಣೆ. ಹೆಣ್ಣುಮಕ್ಕಳಿಗೆ ಅಪರೂಪವಾಗಿ ಈ ರೋಗ ಬಂದಾಗ, ಅವರ ಎಕ್ಸ್ ವರ್ಣತಂತುವು ಯಾವಾಗಲೂ ಒಂದೇ ಎಡೆಯಲ್ಲಿ ಮುರಿದು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುವುದು 1970ರ ದಶಕದ ಕೊನೆಯಲ್ಲಿ ಕಂಡುಬಂದಿತು. ಆ ಮುರಿದ ಎಡೆಯೇ ದಾರಿದೀಪವಾಯಿತು. ಟೊರಾಂಟೊ ನಗರದಲ್ಲಿ ವರ್ಟನ್ನರ ತಂಡವೂ ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ಲರ ತಂಡವೂ ಬೇರೆಬೇರೆ ಮಾರ್ಗಗಳಿಂದ ಅಲ್ಲಿಗೆ ಸಾಗಿದವು. 1986ರಲ್ಲಿ ಕುಂಕೆಲ್ಲರ ತಂಡದವರು ವಂಶವಾಹಿಯ ಭಾಗಗಳನ್ನು ಹಿಡಿದರು. 1987ನೆಯ ಡಿಸೆಂಬರಿನಲ್ಲಿ ಹಾಫ್‌ಮನ್, ಬ್ರೌನ್, ಕುಂಕೆಲ್ ಇವರು ಅದರಿಂದ ಹುಟ್ಟುವ ಪ್ರೋಟೀನನ್ನು ಗುರುತಿಸಿ ಅದಕ್ಕೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಈ ರೋಗದ ಬಾಲಕರ ಪೇಶಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇರತಕ್ಕವರಲ್ಲಿಯಾದರೂ ಎಷ್ಟು? ಪೇಶಿಯ ಒಟ್ಟು ಪ್ರೋಟೀನಿನ ಒಂದು ಲಕ್ಷ ಪಾಲಿನಲ್ಲಿ ಎರಡು ಪಾಲು. ಅಷ್ಟು ಅಲ್ಪವಾದುದರ ಅಭಾವದಿಂದ ಇಷ್ಟು ದೊಡ್ಡ ಅನರ್ಥ!

ಇಲ್ಲಿ ಚರಿತ್ರಕಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದುಂಟು. ಡಿಸ್ಟ್ರೋಫಿನ್ ದೊರೆತೊಡನೆಯೇ ಅದು ಪೊರೆಯಲ್ಲಿದೆಯೆಂದು ಯಾರೂ ಹೇಳಲಿಲ್ಲ. 1987ರಲ್ಲಿಯೇ ಹಾಫ್‌ಮನ್ ಮೊದಲಾದವರು ಪೇಶಿಯ ಅಂಶಗಳನ್ನು ಬೇರ್ಪಡಿಸಿ ನೋಡಿ, ಅದು ತಂತುವಿನ ಒಳಗೆ ಸುಣ್ಣದ ಅಂಶವನ್ನು ಬಿಡುಗಡೆ ಮಾಡುವ ‘ತ್ರಯ’ಗಳೆಂಬ ಸಂಧಿಗಳಲ್ಲಿದೆಯೆಂದು ಬರೆದರು. ಪ್ರತಿಕಾಯಗಳಿಂದ ಬಣ್ಣಕಟ್ಟಿ ನೋಡಿದ ಮೇಲೆ, 1988ರಲ್ಲಿ, ಅದು ತಂತುವಿನ ಅಂಚಿನ ಸುತ್ತಲೂ ಪೊರೆಯ ಒಳಮೈಗೆ ಹತ್ತಿಕೊಂಡು ಉಂಗುರದಂತಿರುವುದು ಒಂದಕ್ಕಿಂತ ಹೆಚ್ಚು ಪ್ರಯೋಗಶಾಲೆಗಳಲ್ಲಿ ಸ್ಪಷ್ಟವಾಯಿತು. ಅನಂತರ ಕ್ಯಾಂಪ್‌ಬೆಲ್ ಮೊದಲಾದವರು 1989ರಿಂದ ಮುಂದೆ, ಡಿಸ್ಟ್ರೋಫಿನ್ ಒಂದು ಕೊನೆಯಲ್ಲಿ ಒಳಗಿನ ಆಕ್ಟಿನ್ ಎಳೆಗಳನ್ನೂ ಇನ್ನೊಂದು ಕೊನೆಯಲ್ಲಿ ಪೊರೆಯಲ್ಲಿ ನಾಟಿಕೊಂಡ ಪ್ರೋಟೀನುಗಳ ಗುಂಪನ್ನೂ ಹಿಡಿದಿರುವುದೆಂದು ತೋರಿಸಿದರು. ಪೇಶಿಯು ಸಂಕೋಚಿಸಿದಾಗಲೆಲ್ಲ ಪೊರೆಯ ಮೇಲೆ ಬೀಳುವ ಜಗ್ಗಾಟವನ್ನು ಈ ಕಟ್ಟು ತಡೆಯುವುದು. ಕಟ್ಟಿಲ್ಲದ ಪೊರೆ ಕೆಲಸದಿಂದಲೇ ಹರಿಯುವುದು. 1993ರಲ್ಲಿ ಇಲಿಗಳ ಪೇಶಿಯಲ್ಲಿ ಇದನ್ನು ಪ್ರಯೋಗದಿಂದ ಸಾಧಿಸಿದರು. ಸುಶ್ರುತನ ದೋಣಿಯ ಹಗ್ಗಗಳು ಇಲ್ಲಿ ನೆನಪಾದರೆ ಉಪಮಾನದ ಮಟ್ಟಿಗೆ ಬಾಧಕವಿಲ್ಲ.

ಈ ವಂಶವಾಹಿಯ ಬರೆಹದ ಕ್ರಮವು ಛಂದಸ್ಸನ್ನು ಬಲ್ಲವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಅದರ ಉದ್ದ 20 ಲಕ್ಷ ಅಕ್ಷರಗಳಿಗೂ ಮಿಗಿಲು. 79 ತುಂಡುಗಳಾಗಿ ಹರಡಿರುವ ಸಾರ್ಥಕವಾದ ಭಾಗವನ್ನು ಕೂಡಿಸಿದರೆ ಸುಮಾರು 14,000 ಅಕ್ಷರಗಳು. ಅದರಲ್ಲಿ ಮೂರು ಮೂರು ಅಕ್ಷರಗಳನ್ನು ಒಂದೊಂದು ಗಣವಾಗಿ ಓದುತ್ತ ಹೋಗಿ 3,685 ಕೊಂಡಿಗಳ ಡಿಸ್ಟ್ರೋಫಿನ್ನನ್ನು ಜೀವಕೋಶವು ಹೆಣೆಯುತ್ತದೆ. 1955ರಲ್ಲಿ ಬೆಕರ್ ಎಂಬವರು ಇದೇ ಬಗೆಯ, ಆದರೆ ಬಹಳ ಸೌಮ್ಯವಾದ ರೋಗವೊಂದನ್ನು ವರ್ಣಿಸಿದ್ದರು. ಅದೂ ಇದೇ ವಂಶವಾಹಿಯ ದೋಷವೆಂದು ತಿಳಿದಮೇಲೆ, ಹೆಚ್ಚು ಕಳೆದುಹೋದವನಿಗೆ ಹೆಚ್ಚು ರೋಗ, ಕಡಿಮೆ ಕಳೆದವನಿಗೆ ಕಡಿಮೆ ಎಂದು ನಿರೀಕ್ಷಿಸಿದವರಿಗೆ ಆಶ್ಚರ್ಯ ಕಾದಿತ್ತು. ಅಲ್ಪ ಲೋಪವುಳ್ಳವರಲ್ಲಿ ಘೋರರೋಗವೂ, ದೊಡ್ಡ ಲೋಪವುಳ್ಳವರಲ್ಲಿ ಸೌಮ್ಯರೋಗವೂ ಕಾಣಬರುತ್ತಿದ್ದವು.

ಸ್ರಗ್ಧರೆಯ ಪಾದವನ್ನು ತೆಗೆದುಕೊಂಡು ನೋಡಿದರೆ ಇದರ ಕಾರಣ ತಿಳಿಯುವುದು. 21 ಅಕ್ಷರ, ಏಳು ಗಣ, ಮಿಗುವುದಿಲ್ಲ. ಲಿಪಿಕಾರನು ನಡುವಿನ ಎರಡು ಗಣಗಳನ್ನೇ ಬಿಟ್ಟರೂ ಉಳಿದ ಐದು ಗಣಗಳು ಗಣಗಳಾಗಿಯೇ ಉಳಿಯುತ್ತವೆ. ವೃತ್ತವು ಕುಂಟಿದರೂ ಮುಂದಿನ ಭಾಗವನ್ನು ಗುರುತಿಸಬಹುದು. ಒಂದೇ ಅಕ್ಷರವನ್ನು ಬಿಟ್ಟನಾದರೆ ಅಲ್ಲಿಂದ ಮುಂದಿನ ಗಣವಿಭಾಗವೆಲ್ಲ ಕೆಟ್ಟು ಪಾದವು ಹಾಳಾಗುತ್ತದೆ. 1988ರಲ್ಲಿ ಮೊನಾಕೊ ಮೊದಲಾದವರು ಪ್ರತಿಪಾದಿಸಿದ ನಿಯಮವು ಇದೇ: ಲೋಪವಾದ ಅಕ್ಷರಗಳ ಸಂಖ್ಯೆ ಮೂರರಿಂದ ಭಾಗವಾದರೆ ಬೆಕರ್ ರೋಗ, ಆಗದಿದ್ದರೆ ಡುಷೆನ್ ರೋಗ. ಇದಕ್ಕೆ ಅಪವಾದಗಳುಂಟಾದರೂ ಬಹುಮಟ್ಟಿಗೆ ನಿಂತಿದೆ. ಡಿಸ್ಟ್ರೋಫಿನ್ನಿನ ನೂರಕ್ಕೆ 46 ಭಾಗ ಲೋಪವಾಗಿದ್ದರೂ ಅರುವತ್ತು ದಾಟಿದ ವಯಸ್ಸಿನಲ್ಲಿ ನಡೆದಾಡುತ್ತಿದ್ದ ಒಬ್ಬ ವೃದ್ಧನ ವೃತ್ತಾಂತವು 1990ರಲ್ಲಿ ಪ್ರಕಟವಾಯಿತು.

ಚಿಕಿತ್ಸೆಯ ಯತ್ನಗಳೂ ಈ ನಿಯಮವನ್ನೇ ಹಿಡಿದು ಹೊರಟವು. ಇನ್ನೊಂದು ತುಂಡನ್ನು ಬೇಕೆಂದೇ ಹಾರಿಸಿ ಓದಿಸಿ ಗಣವನ್ನು ಸರಿಹೊಂದಿಸುವ ಔಷಧವೊಂದಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊಟಕುಗೊಳಿಸಿದ ವಂಶವಾಹಿಯನ್ನು ನಿರಪಾಯವಾದ ವೈರಸ್ಸಿನಲ್ಲಿಟ್ಟು ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಅಲ್ಲಿಯೇ ಅನುಮತಿಯಾಯಿತು. ಮೊದಲನೆಯದರ ಫಲವು ಅಲ್ಪ. ಎರಡನೆಯದನ್ನು ಪಡೆದಿದ್ದ, ನಡೆಯುವ ಶಕ್ತಿಯನ್ನು ಆಗಲೇ ಕಳೆದುಕೊಂಡಿದ್ದ ಇಬ್ಬರು ಹುಡುಗರು ಯಕೃತ್ತು ಕೆಟ್ಟು 2025ರಲ್ಲಿ ತೀರಿಕೊಂಡುದರಿಂದ ಅದರ ಬಳಕೆಯನ್ನು ಸಂಕೋಚಗೊಳಿಸಬೇಕಾಯಿತು. ಗಣವನ್ನು ತಿದ್ದುವುದು ಕಾಗದದ ಮೇಲೆ ಸುಲಭ.

ಈಗ ಮೊದಲು ಎತ್ತಿದ ಪ್ರಶ್ನೆಗೆ ತಿರುಗೋಣ. ಮೆರಿಯನ್ನನು ಪೊರೆಯು ಒಡೆದುದನ್ನು ಕಂಡನು, 1988ರವರೂ ದೋಷವನ್ನು ಪೊರೆಯಲ್ಲಿಯೇ ಕಂಡರು, ಇಬ್ಬರೂ ಬಳಸಿದ ಶಬ್ದವು ‘ಸಾರ್ಕೊಲೆಮ್ಮ’, ಆದಕಾರಣ ಕಂಡ ವಸ್ತುವೂ ಒಂದೇ ಎಂಬುದು ಪೂರ್ವಪಕ್ಷ. ಆ ಶಬ್ದವನ್ನು ಟಂಕಿಸಿದವನು ಲಂಡನ್ನಿನ ಬೌಮನ್, 1840ರಲ್ಲಿ. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಲೆಮ್ಮ ಎಂದರೆ ಸಿಪ್ಪೆ. ತಂತುವನ್ನು ಚಿಮುಟದಿಂದ ಜಗ್ಗಿದಾಗ ಒಳಗಿನ ಮಾಂಸ ತುಂಡಾದರೂ ಹೊರಗಿನ ಸಿಪ್ಪೆ ಹರಿಯದೆ ಕೊಳವೆಯಂತೆ ಉಳಿಯುವುದನ್ನು ಕಂಡು ಅವನು ಈ ಹೆಸರಿಟ್ಟನು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಆ ಸಿಪ್ಪೆ ಒಂದೇ ಪದರ. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಒಂದಲ್ಲ. ಒಳಗೆ ಜೀವಕೋಶದ ನಿಜವಾದ ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಹತ್ತಕ್ಕೂ ಕಡಿಮೆ. ಬೆಳಕಿನ ಸೂಕ್ಷ್ಮದರ್ಶಕವು ಬೇರ್ಪಡಿಸಿ ತೋರಿಸಬಲ್ಲ ಮಿತಿ ಅಂಥವೇ ಸುಮಾರು 200 ಪಾಲು. ಆ ಪೊರೆಯ ಹೊರಗೆ ಆಧಾರಪದರವೆಂಬ ಬೇರೊಂದು ಹೊದಿಕೆ, ಅದಕ್ಕೆ ಹೊಂದಿದ ನಾರುಗಳು. ಇವೆರಡೂ ಬೇರೆಯೆಂಬುದಕ್ಕೆ 1961ರಲ್ಲಿ ಮಾರೊ ಎಂಬವರು ಕಪ್ಪೆಯ ಪೇಶಿಯಲ್ಲಿ ಕಂಡುದಕ್ಕಿಂತ ಮಿಗಿಲಾದ ಪ್ರಮಾಣ ಬೇಕಿಲ್ಲ: ಆ ಎರಡು ಹೊದಿಕೆಗಳ ನಡುವೆ ಚಿಕ್ಕ ಜೀವಕೋಶಗಳು ಅಡಗಿ ಕುಳಿತಿದ್ದವು. ಉಪಗ್ರಹಕೋಶಗಳೆಂದು ಹೆಸರಾದ ಅವುಗಳೇ ಪೇಶಿಯು ಬೆಳೆಯುವುದಕ್ಕೂ, ಗಾಯವಾದಾಗ ಮತ್ತೆ ಹುಟ್ಟುವುದಕ್ಕೂ ಬೀಜಗಳು. ಎರಡು ಗೋಡೆಗಳ ನಡುವೆ ಸಂಸಾರವೇ ಇದ್ದಮೇಲೆ ಗೋಡೆ ಒಂದೇ ಎನ್ನುವುದು ಹೇಗೆ?

ಆದುದರಿಂದ ಮೆರಿಯನ್ನನ ಕಣ್ಣಿಗೆ ಒಡೆದು ಚದುರಿದಂತೆ ಬಿದ್ದುದು ಬೌಮನ್ನನ ಸಿಪ್ಪೆ. ಅದೂ ರೋಗವು ಮುಗಿದು ತಂತುವೇ ನಾಶವಾದ ಮೇಲಿನ ಅವಸ್ಥೆಯಲ್ಲಿ. ಮೊಕ್ರಿ, ಎಂಗೆಲ್ ಇವರು ಹರಿದಂತೆ ಕಂಡುದು ಒಳಗಿನ ಪೊರೆ; ಅದೂ ತಂತುವು ಇನ್ನೂ ಉಳಿದಿರುವಾಗ. ಇವರು ನೋಡಿದ ಎಡೆಗಳಲ್ಲಿ ಹೊರಗಿನ ಆಧಾರಪದರವು ಅಖಂಡವಾಗಿಯೇ ಇದ್ದಿತು. ಒಂದು ಕಡೆಯಲ್ಲಿ ಕಾರ್ಯ, ಇನ್ನೊಂದು ಕಡೆಯಲ್ಲಿ ಕಾರಣದ ಸಮೀಪ. ಪದ ಒಂದೇ, ಪದಾರ್ಥ ಎರಡು. ಮೆರಿಯನ್ನನು ಪೊರೆಯ ಸ್ಥಿತಿಯನ್ನು ವಿಶೇಷವಾಗಿ ಗುರುತುಮಾಡಿದುದು ಅವನ ಕಣ್ಣಿನ ಸೂಕ್ಷ್ಮತೆಗೆ ಸಾಕ್ಷಿಯಾಗುವುದೇ ಹೊರತು ಭವಿಷ್ಯಜ್ಞಾನಕ್ಕೆ ಸಾಕ್ಷಿಯಾಗದು.

ಹಾಗೆಂದು ಅವನ ಪಾಲು ಕುಗ್ಗುವುದಿಲ್ಲ. ಬೆನ್ನುಹುರಿಯು ನಿರ್ದೋಷವೆಂದೂ ರೋಗವು ಪೇಶಿಯದೇ ಎಂದೂ ಅವನು ಹೇಳಿದುದಕ್ಕೆ ಹತ್ತು ವರ್ಷವಾದ ಮೇಲೂ ಡುಷೆನ್ನನು ಮೆದುಳನ್ನು ದೂರುತ್ತಿದ್ದನು. ಒಂದೇ ಮನೆಯ ಗಂಡುಮಕ್ಕಳಿಗೆ ಬರುವುದೆಂಬ ಅವನ ಮಾತೇ ಗವರ್ಸನ ಕೈಯಲ್ಲಿ ಬಲಗೊಂಡು ಕಡೆಗೆ ಎಕ್ಸ್ ವರ್ಣತಂತುವಿನವರೆಗೆ ಮುಟ್ಟಿತು. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವರಲ್ಲಿ ದೋಷವು ಹೊಸದಾಗಿ ಹುಟ್ಟುವುದರಿಂದ ತಾಯಿಯಲ್ಲಿ ಅದಿರುವುದಿಲ್ಲ, ಮನೆಯಲ್ಲಿ ಒಬ್ಬನೇ ರೋಗಿ ಇರುವುದೂ ಉಂಟು. ಅಂಥ ಮನೆಗಳೇ ಮೆರಿಯನ್ನನಿಗೆ ದೊರೆತಿದ್ದರೆ ಈ ಸೂತ್ರವು ಅವನ ಕೈಗೆ ಸಿಕ್ಕುತ್ತಿರಲಿಲ್ಲ. ಹೀಗಿರುವಲ್ಲಿ ರೋಗಕ್ಕೆ ಇಬ್ಬರ ಹೆಸರನ್ನೂ ಕೂಡಿಸಿ ಹೇಳಿದರೆ ಅನುಚಿತವಾಗಲಾರದು. ನೂರೈವತ್ತು ವರ್ಷದ ರೂಢಿ ಸುಲಭವಾಗಿ ಕದಲದೆಂಬುದೂ ನಿಜ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯತಕ್ಕವರು ಮಾತ್ರ ಇನ್ನೂ ರೂಢಿಗೆ ಸಿಕ್ಕಿಬಿದ್ದಿಲ್ಲ. ಸಾರ್ಕೊಲೆಮ್ಮವೆಂಬುದಕ್ಕೆ ಎಲ್ಲೆಡೆಯೂ ಒಂದೇ ಕನ್ನಡ ಪದವನ್ನು ಹಾಕದೆ, ಬೌಮನ್, ಮೆರಿಯನ್ ಮೊದಲಾದವರ ಗ್ರಂಥಗಳಲ್ಲಿ ಬಂದಾಗ ‘ತಂತುಸಿಪ್ಪೆ’ ಎಂದೂ, 1950ರಿಂದೀಚಿನ ಗ್ರಂಥಗಳಲ್ಲಿ ಜೀವಕೋಶದ ಪೊರೆಯೆಂಬ ಅರ್ಥದಲ್ಲಿ ಬಂದಾಗ ‘ತಂತುಪೊರೆ’ ಎಂದೂ ಬರೆಯಬಹುದು. ‘ಸ್ನಾಯು’ವಿನ ವಿಷಯದಲ್ಲಿ ಆಗಿಹೋದುದು ಇಲ್ಲಿ ಆಗದಿರಲು ಇನ್ನೂ ಅವಕಾಶವುಂಟು.